ಎಲೆಯ ಸೊಗಡು: ಹಸಿರು ಸುಗಂಧದ್ರವ್ಯಗಳ ಲೋಕ

ಮಾಗಿಯ ಚಳಿ ಬಂತೆಂದರೆ ಹಳೇ ಮೈಸೂರು ಸೀಮೆಯ ಸಂತೆಗಳಲ್ಲಿ ಅವರೆಕಾಯಿ ರಾಶಿ ಬೀಳುತ್ತದೆ. ಕೊಳ್ಳಲು ಬಂದವರು ದರ ಕೇಳುವುದಕ್ಕೂ ಮೊದಲು ಒಂದು ಕಾಯಿ ಎತ್ತಿ ಮೂಸುತ್ತಾರೆ. ಸೊಗಡಿದ್ದರೆ ಚೀಲ ಬಿಚ್ಚುತ್ತಾರೆ, ಇಲ್ಲವಾದರೆ ಮುಂದಿನ ರಾಶಿಗೆ ನಡೆಯುತ್ತಾರೆ. ಸೊಗಡು ಎಂದರೆ ಬರಿಯ ಸುವಾಸನೆಯಲ್ಲ. ಹಸಿಯಾದ, ತುಸು ಒಗರಾದ, ಬೆರಳಿಗೆ ಅಂಟಿಕೊಳ್ಳುವ, ಗಿಡದಿಂದ ಈಗಷ್ಟೇ ಬಿಡಿಸಿದ್ದೆಂದು ಸಾರುವ ಘಮಲು ಅದು. ಹೂವಿನ ಕಂಪನ್ನು ಹೊಗಳಲು ಎಲ್ಲ ಭಾಷೆಗಳಲ್ಲೂ ಪದಗಳಿವೆ. ಎಲೆ-ಕಾಯಿಗಳ ಹಸಿ ಘಮಲಿಗೆ ಒಪ್ಪುವ ಇಂಥ ಒಂದು ಪದ ಕನ್ನಡಕ್ಕಿರುವುದು ನಮ್ಮ ಭಾಗ್ಯ.

ಈ ಸೊಗಡನ್ನು ಸೀಸೆಯಲ್ಲಿ ಹಿಡಿದಿಡಲು ಹೊರಟ ಸುಗಂಧದ್ರವ್ಯಗಳ ಒಂದು ಕುಲವೇ ಇದೆ. ಸುಗಂಧ ಲೋಕದಲ್ಲಿ ಅದನ್ನು ಹಸಿರು ವರ್ಗ ಎಂದು ಕರೆಯುತ್ತಾರೆ. ಕೊಯ್ದ ಹುಲ್ಲು, ಮುರಿದ ಕಾಂಡ, ಹೊಸಕಿದ ಎಲೆ, ಗಿಡಮೂಲಿಕೆ, ಒದ್ದೆ ಪಾಚಿ ಇವುಗಳ ನೆನಪನ್ನು ತರುವ ಪರಿಮಳಗಳು ಇದರಲ್ಲಿ ಸೇರುತ್ತವೆ. ಹೆಂಗಸರ ಸೆಂಟು, ಗಂಡಸರ ಸೆಂಟು ಎಂದು ಅಂಗಡಿಯ ಕಪಾಟುಗಳು ಇಬ್ಭಾಗವಾಗಿದ್ದ ಕಾಲದಲ್ಲಿ ಆ ಗೆರೆಯನ್ನು ಮತ್ತೆ ಮತ್ತೆ ದಾಟಿದ್ದು ಈ ಕುಲವೇ. ಅದರ ರಸಾಯನ, ಚರಿತ್ರೆ, ಸಾಮಗ್ರಿ ಮತ್ತು ಆಕರ್ಷಣೆಯ ಕಾರಣಗಳನ್ನು ಈ ಲೇಖನ ಪರಿಚಯಿಸುತ್ತದೆ.

ಹಸಿ, ಹಸಿರು, ಪಚ್ಚೆ

ಕನ್ನಡದ ಹಸಿ, ಹಸಿರು, ಪಚ್ಚೆ ಈ ಮೂರೂ ಒಂದೇ ದ್ರಾವಿಡ ಮೂಲದಿಂದ ಬಂದ ಮಾತುಗಳು. ಹಸುಳೆಯೂ ಅದೇ ಬಳ್ಳಿಯ ಕುಡಿ. ಹಾಗಾಗಿ ನಮ್ಮ ನುಡಿಯಲ್ಲಿ ಹಸಿರು ಬಣ್ಣದ ಹೆಸರಾಗುವುದರ ಜೊತೆಗೆ ಬೇಯದ, ಒಣಗದ, ಬಲಿಯದ ಸ್ಥಿತಿಯ ಹೆಸರೂ ಹೌದು. ಅಡುಗೆಮನೆಯಲ್ಲಿ ಮಸಾಲೆಯನ್ನು ಹಸಿ ವಾಸನೆ ಹೋಗುವ ತನಕ ಹುರಿಯುತ್ತೇವೆ. ಹಸಿರು ಸುಗಂಧ ಮಾಡುವವರ ಕೆಲಸ ಇದಕ್ಕೆ ನೇರ ಎದುರು: ಆ ಹಸಿ ವಾಸನೆ ಹೋಗದಂತೆ ಕಾಯುವುದು. ಅವರ ಕಷ್ಟವೂ ಅಲ್ಲೇ ಇದೆ, ಏಕೆಂದರೆ ಹಸಿತನವೆಂದರೆ ಹೆಚ್ಚು ಹೊತ್ತು ಉಳಿಯದ್ದು ಎಂದೇ ಅರ್ಥ.

ಹಸಿರು ಪರಿಮಳವನ್ನು ಗಿಡಮೂಲಿಕೆಯ ಪರಿಮಳದೊಡನೆ ಸೇರಿಸಿಯೇ ಹೇಳುವುದು ವಾಡಿಕೆ. ಇವೆರಡರ ಹುಟ್ಟು ಮಾತ್ರ ಬೇರೆ. ತುಳಸಿ, ಪುದೀನ, ದವನ, ದೊಡ್ಡಪತ್ರೆ ಇಂಥ ಗಿಡಗಳು ತಮ್ಮ ಎಲೆಯ ಮೇಲಿನ ಸೂಕ್ಷ್ಮ ಗ್ರಂಥಿಗಳಲ್ಲಿ ಪರಿಮಳದ ಎಣ್ಣೆಯನ್ನು ಮೊದಲೇ ತಯಾರಿಸಿ ಇಟ್ಟುಕೊಂಡಿರುತ್ತವೆ. ಬೆರಳು ತಾಕಿದರೆ ಸಾಕು, ಗ್ರಂಥಿ ಒಡೆದು ಘಮ ಹರಡುತ್ತದೆ. ಗರಿಕೆಯಂಥ ಹುಲ್ಲಿನಲ್ಲಿ ಹಾಗೆ ಕೂಡಿಟ್ಟ ಗಂಟೇನೂ ಇಲ್ಲ. ಕತ್ತರಿಸಿದ ಗಳಿಗೆಯಲ್ಲೇ ಅದರ ವಾಸನೆ ಹುಟ್ಟಬೇಕು.

ಎಲೆಗೆ ಗಾಯವಾದಾಗ

ಎಲೆ ಹರಿದಾಗ ಅದರ ಜೀವಕೋಶಗಳ ಪೊರೆಗಳು ಒಡೆಯುತ್ತವೆ. ಪೊರೆಯಲ್ಲಿರುವ ಲಿನೊಲೆನಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಹೊರಬೀಳುತ್ತದೆ. ಲಿಪಾಕ್ಸಿಜನೇಸ್ ಮೊದಲಾದ ಕಿಣ್ವಗಳು ಅದಕ್ಕೆ ಆಮ್ಲಜನಕವನ್ನು ಕೂಡಿಸಿ, ಉದ್ದನೆಯ ಸರಪಳಿಯನ್ನು ತುಂಡರಿಸಿ, ಆರು ಇಂಗಾಲದ ಪರಮಾಣುಗಳಿರುವ ಸಣ್ಣ ಅಣುಗಳನ್ನು ಮಾಡುತ್ತವೆ. ಮೊದಲು ಹುಟ್ಟುವುದು ಸಿಸ್-3-ಹೆಕ್ಸೆನಲ್ ಎಂಬ ಆಲ್ಡಿಹೈಡ್. ಹುಲ್ಲು ಕೊಯ್ದೊಡನೆ ಮೂಗಿಗೆ ರಾಚುವ ಚೂಪು ವಾಸನೆ ಅದರದೇ. ಅದು ಚಂಚಲ, ಬೇಗನೆ ರೂಪ ಬದಲಿಸುತ್ತದೆ. ಅದರಿಂದ ಹುಟ್ಟುವ ಆಲ್ಕೊಹಾಲಿನ ಘಮ ಇನ್ನಷ್ಟು ಮೃದು. ರಸಾಯನಜ್ಞರು ಈ ಆಲ್ಕೊಹಾಲಿಗೆ ಎಲೆ ಆಲ್ಕೊಹಾಲ್ ಎಂಬ ಅಡ್ಡಹೆಸರನ್ನೇ ಇಟ್ಟಿದ್ದಾರೆ. ಚಹಾ ಎಲೆಯಲ್ಲಿ, ಹುಲ್ಲಿನಲ್ಲಿ, ಹಸಿ ತರಕಾರಿಗಳಲ್ಲಿ ಅದು ಸಿಗುತ್ತದೆ.

ಗಿಡ ಈ ವಾಸನೆಯನ್ನು ನಮ್ಮ ಸಂತೋಷಕ್ಕಾಗಿ ಹೊರಡಿಸುವುದಿಲ್ಲ. ಹುಳು ಎಲೆಯನ್ನು ಕೊರೆಯುವಾಗ ಹೊರಡುವ ಇದೇ ಬಗೆಯ ಅಣುಗಳ ಜಾಡು ಹಿಡಿದು ಕೆಲವು ಜಾತಿಯ ಕಣಜಗಳು ಬರುತ್ತವೆ. ಅವು ಹುಳುವಿನ ಮೈಯಲ್ಲಿ ಮೊಟ್ಟೆಯಿಟ್ಟು ಅದನ್ನು ಕೊಲ್ಲುತ್ತವೆ. ಗಾಯಗೊಂಡ ಗಿಡದ ಘಮ ತಾಕಿದ ಪಕ್ಕದ ಗಿಡಗಳು ತಮ್ಮ ರಕ್ಷಣೆಯ ಏರ್ಪಾಡನ್ನು ಚುರುಕುಗೊಳಿಸುವುದನ್ನೂ ವಿಜ್ಞಾನಿಗಳು ಕಂಡಿದ್ದಾರೆ. ಹೂವಿನ ಪರಿಮಳ ದುಂಬಿಗೆ ಕೊಟ್ಟ ಕರೆ, ಸಂತಾನಕ್ಕಾಗಿ ಹೊರಟದ್ದು. ಎಲೆಯ ಘಮಲು ಬದುಕಿಕೊಳ್ಳುವ ಯತ್ನ. ಹೂವಿನ ಸುಗಂಧಕ್ಕೂ ಹಸಿರು ಸುಗಂಧಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಸಂಗತಿ ನನಗೆ ತಿಳಿದಿಲ್ಲ.

ಇಂಗಿನ ನೆಂಟ ಗಾಲ್ಬನಮ್

ಹಸಿರು ಸುಗಂಧದ ಬೆನ್ನೆಲುಬು ಗಾಲ್ಬನಮ್ ಎಂಬ ಗೋಂದು. ಇರಾನಿನ ಬೆಟ್ಟಗಾಡಿನಲ್ಲಿ ಬೆಳೆಯುವ ಫೆರುಲಾ ಜಾತಿಯ ಗಿಡವೊಂದರಿಂದ ಅದು ಬರುತ್ತದೆ. ನಮ್ಮ ಸಾರು-ಹುಳಿಯ ಒಗ್ಗರಣೆಗೆ ಬೀಳುವ ಇಂಗು ಕೂಡ ಫೆರುಲಾ ಗಿಡಗಳದೇ ಹಾಲು. ಬೇರಿನ ಬುಡದಲ್ಲಿ ಗಾಯ ಮಾಡಿದರೆ ಹಾಲು ಜಿನುಗುತ್ತದೆ, ಗಾಳಿಗೆ ಗಟ್ಟಿಯಾಗುತ್ತದೆ, ಅದನ್ನು ಕೆರೆದು ಕೂಡಿಸುತ್ತಾರೆ. ಇಂಗಿಗೂ ಗಾಲ್ಬನಮ್‌ಗೂ ಸಂಗ್ರಹದ ರೀತಿ ಒಂದೇ, ಘಮ ಬೇರೆ. ಇಂಗಿನಲ್ಲಿ ಗಂಧಕದ ಅಣುಗಳ ಗಡುಸು ವಾಸನೆ. ಗಾಲ್ಬನಮ್‌ನಲ್ಲಿ ಮುರಿದ ಹುರುಳಿಕಾಯಿ, ಹಸಿ ದೊಣ್ಣೆಮೆಣಸಿನಕಾಯಿ, ತೋಯ್ದ ಕಾಡು ಇವೆಲ್ಲ ಕೂಡಿದ ಕಡು ಹಸಿರು.

ದೊಣ್ಣೆಮೆಣಸಿನಕಾಯಿ ನೆನಪಾಗುವುದಕ್ಕೆ ಕಾರಣವಿದೆ. ಆ ಕಾಯಿಗೆ ವಾಸನೆ ಕೊಡುವ ಐಸೊಬ್ಯುಟೈಲ್ ಮಿಥಾಕ್ಸಿಪೈರಜೀನ್ ಎಂಬ ಅಣು ಗಾಲ್ಬನಮ್‌ನಲ್ಲೂ ಇದೆ. ಅದರ ಶಕ್ತಿ ಬೆರಗು ಹುಟ್ಟಿಸುವಂಥದು: ಒಂದು ಲಕ್ಷ ಕೋಟಿ ಭಾಗ ನೀರಿನಲ್ಲಿ 2 ಭಾಗ ಬೆರೆತಿದ್ದರೂ ಮನುಷ್ಯನ ಮೂಗು ಅದನ್ನು ಗುರುತಿಸಬಲ್ಲದು. ಸುಗಂಧ ಬೆರೆಸುವವರು ಗಾಲ್ಬನಮ್ ಎಣ್ಣೆಯನ್ನು ಹನಿ ಹನಿಯಾಗಿ ಅಳೆಯುವುದು ಇದೇ ಕಾರಣಕ್ಕೆ.

ಗಾಲ್ಬನಮ್ ಬಳಕೆ ಬಹಳ ಹಳೆಯದು. ಬೈಬಲ್ಲಿನ ವಿಮೋಚನಕಾಂಡದಲ್ಲಿ ಪವಿತ್ರ ಧೂಪಕ್ಕೆ ಬೇಕಾದ ಸಾಮಗ್ರಿಗಳ ಪಟ್ಟಿಯಿದೆ, ಅದರಲ್ಲಿ ಇದರ ಹೆಸರೂ ಬರುತ್ತದೆ. ದೇವರ ಮುಂದೆ ಹೊಗೆಯಾಗುತ್ತಿದ್ದ ಗೋಂದು ಮನುಷ್ಯರ ಮೈಮೇಲೆ ಹಸಿರು ಗಾಳಿಯಾಗಿ ಬೀಸಬೇಕಾದರೆ 20ನೇ ಶತಮಾನ ಬರಬೇಕಾಯಿತು.

ಗಂಧಿಗರ ಹಸಿರು ಪೆಟ್ಟಿಗೆ

ಸುಗಂಧ ತಯಾರಿಸಿ ಮಾರುವವರಿಗೆ ಕನ್ನಡದಲ್ಲಿ ಗಂಧಿಗ ಎಂಬ ಹಳೆಯ ಹೆಸರಿದೆ. ಇಂದಿನ ಗಂಧಿಗರ ಪೆಟ್ಟಿಗೆಯಲ್ಲಿ ಗಾಲ್ಬನಮ್ ಬಿಟ್ಟು ಉಳಿದ ಹಸಿರು ಸಾಮಗ್ರಿಗಳನ್ನು ಐದು ಗುಂಪು ಮಾಡಬಹುದು.

ಮೊದಲನೆಯದು ಎಲೆ ಮತ್ತು ಕಡ್ಡಿ. ಕಹಿ ಕಿತ್ತಳೆಯ ಎಲೆ ಮತ್ತು ಎಳೆಯ ಕಡ್ಡಿಗಳನ್ನು ಬಟ್ಟಿ ಇಳಿಸಿದರೆ ಪೆಟಿಗ್ರೇನ್ ಎಣ್ಣೆ ಸಿಗುತ್ತದೆ. ಅದೇ ಮರದ ಹೂವಿನಿಂದ ನೆರೋಲಿ, ಹಣ್ಣಿನ ಸಿಪ್ಪೆಯಿಂದ ಕಿತ್ತಳೆ ಎಣ್ಣೆ. ಒಂದೇ ಮರ ಮೂರು ಪರಿಮಳಗಳನ್ನು ಕೊಡುತ್ತದೆ, ಎಲೆಯದು ಎಲ್ಲಕ್ಕಿಂತ ಒಣ, ಎಲ್ಲಕ್ಕಿಂತ ಗಂಭೀರ. ವಯೊಲೆಟ್ ಗಿಡದ ಎಲೆಯ ಸಾರಕ್ಕೆ ಹಸಿ ಸೌತೆಕಾಯಿಯ, ನೀರು ನಿಂತ ಹುಲ್ಲಿನ ವಾಸನೆಯಿದೆ.

ಎರಡನೆಯದು ಗಿಡಮೂಲಿಕೆ. ಲ್ಯಾವೆಂಡರ್, ರೋಸ್‌ಮೇರಿ, ತುಳಸಿಯ ಕುಲದ ಬೇಸಿಲ್, ಪುದೀನ, ಥೈಮ್, ಸೇಜ್ ಇವೆಲ್ಲ ತುಳಸಿ ಕುಟುಂಬದವು. ದವನ, ಮಾಚಿಪತ್ರೆಗಳ ಬಳಗಕ್ಕೆ ಸೇರಿದ ಆರ್ಟಿಮಿಸಿಯಾ ಗಿಡಗಳು ಕಹಿ ಛಾಯೆಯನ್ನು ಸೇರಿಸುತ್ತವೆ.

ಮೂರನೆಯದು ಪಾಚಿ. ಓಕ್ ಮರದ ತೊಗಟೆಗೆ ಹಬ್ಬುವ ಓಕ್‌ಮಾಸ್ ಹೆಸರಿಗಷ್ಟೇ ಪಾಚಿ. ನಿಜದಲ್ಲಿ ಅದು ಕಲ್ಲುಹೂವು, ನಮ್ಮ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ದೂರದ ಬಂಧು. ಹಸಿರು ಸುಗಂಧದ ತಳದಲ್ಲಿ ನೆರಳು, ತಂಪು, ಮಣ್ಣಿನ ತೇವ ಕಾಣಿಸಿದರೆ ಅದು ಇದರ ಕೊಡುಗೆ.

ನಾಲ್ಕನೆಯದು ಬೇರು. ಹುಲ್ಲಿನ ಜಾತಿಗೇ ಸೇರಿದ ಲಾವಂಚದ ಬೇರು ಪರಿಮಳವನ್ನು ಮೈಮೇಲೆ ಹಿಡಿದು ನಿಲ್ಲಿಸುತ್ತದೆ.

ಐದನೆಯದು ಪ್ರಯೋಗಾಲಯದ ಅಣುಗಳು. ಎಲೆ ಆಲ್ಕೊಹಾಲನ್ನು ಇಂದು ಕಾರ್ಖಾನೆಯಲ್ಲಿ ತಯಾರಿಸುತ್ತಾರೆ. ಟೊಮೆಟೊ ಎಲೆ, ಅಂಜೂರದ ಎಲೆಗಳ ಘಮವನ್ನು ಮರುಸೃಷ್ಟಿಸುವುದಕ್ಕೆ ಸ್ಟೆಮೋನ್ ಎಂಬ ಅಣು ಬಳಕೆಯಲ್ಲಿದೆ. ಪ್ರಯೋಗಾಲಯದ್ದೆಂದ ಮಾತ್ರಕ್ಕೆ ಮೂಗು ಮುರಿಯಬೇಕಿಲ್ಲ. ಹುಲ್ಲಿನ ಗರಿಯಿಂದ ಸಾಕಷ್ಟು ಎಣ್ಣೆ ತೆಗೆಯುವ ದಾರಿಯೇ ಇಲ್ಲದಿರುವಾಗ, ಕೊಯ್ದ ಹುಲ್ಲಿನ ಗಳಿಗೆಯನ್ನು ನಮಗೆ ಮರಳಿ ಕೊಟ್ಟದ್ದು ಈ ಅಣುಗಳೇ.

ಕಲೋನ್‌ನಿಂದ ಹಸಿರು ಗಾಳಿಯವರೆಗೆ

ಯುರೋಪಿನಲ್ಲಿ ಮೂಲಿಕೆಯ ಪರಿಮಳ ಮೊದಲು ಔಷಧಿಯಾಗಿತ್ತು. ರೋಸ್‌ಮೇರಿಯನ್ನು ಮದ್ಯಸಾರದಲ್ಲಿ ಇಳಿಸಿದ ಹಂಗೇರಿ ನೀರು ಕುಡಿಯುವುದಕ್ಕೂ ಆಗುತ್ತಿತ್ತು, ಮೈಗೆ ಸವರುವುದಕ್ಕೂ ಆಗುತ್ತಿತ್ತು. ಇಟಲಿ ಮೂಲದ ಯೊಹಾನ್ ಮರಿಯಾ ಫರೀನಾ ಎಂಬಾತ 18ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ನಿಂಬೆ ಜಾತಿಯ ಹಣ್ಣು ಮತ್ತು ಮೂಲಿಕೆಗಳ ತೆಳು ಪರಿಮಳವೊಂದನ್ನು ರೂಪಿಸಿದ. ಅವನ ಮನೆತನದ ಅಂಗಡಿ ಶುರುವಾದದ್ದು 1709ರಲ್ಲಿ. ಊರಿನ ಹೆಸರೇ ಪರಿಮಳದ ಹೆಸರಾಯಿತು. ನೆಪೋಲಿಯನ್ನನಿಗೆ ಕಲೋನ್ ಎಂದರೆ ಪ್ರಾಣ. ಅರಮನೆಯ ಹೆಂಗಸರೂ ಅದನ್ನೇ ಬಳಸುತ್ತಿದ್ದರು, ಯಾರದಿದು ಎಂದು ಯಾರೂ ಕೇಳಲಿಲ್ಲ.

1868ರಲ್ಲಿ ವಿಲಿಯಂ ಹೆನ್ರಿ ಪರ್ಕಿನ್ ಕೂಮರಿನ್ ಎಂಬ ಅಣುವನ್ನು ಪ್ರಯೋಗಾಲಯದಲ್ಲಿ ತಯಾರಿಸಿದ. ಒಣಗಿದ ಹುಲ್ಲಿನ ಸಿಹಿ ವಾಸನೆಯ ಮೂಲ ಅದು. ಅದನ್ನು ಬಳಸಿ 1882ರಲ್ಲಿ ಊಬಿಗಾಂ ಸಂಸ್ಥೆಗಾಗಿ ಪಾಲ್ ಪಾರ್ಕೆ ಫುಜೇರ್ ರಾಯಾಲ್ ಎಂಬ ಸುಗಂಧವನ್ನು ಮಾಡಿದ. ಫುಜೇರ್ ಎಂದರೆ ಜರೀಗಿಡ. ಹೆಚ್ಚಿನ ಜರೀಗಿಡಗಳಿಗೆ ಹೇಳಿಕೊಳ್ಳುವಂಥ ಪರಿಮಳವೇ ಇಲ್ಲ. ಇಲ್ಲದ ಪರಿಮಳವನ್ನು ಕಲ್ಪಿಸಿ ಲ್ಯಾವೆಂಡರ್, ಓಕ್‌ಮಾಸ್, ಕೂಮರಿನ್‌ಗಳಿಂದ ಕಟ್ಟಿದ ಆ ನೆರಳು ಮುಂದೆ ಒಂದು ದೊಡ್ಡ ಪರಂಪರೆಯೇ ಆಯಿತು. 1889ರಲ್ಲಿ ಗೆರ್ಲೆ ಮನೆತನದ ಎಮೆ ಗೆರ್ಲೆ ರೂಪಿಸಿದ ಜಿಕಿಯಲ್ಲೂ ಲ್ಯಾವೆಂಡರಿನ ಮೂಲಿಕೆ ಗುಣವಿದೆ. ಅದನ್ನು ಗಂಡಸರೂ ಹೆಂಗಸರೂ ಅಂದಿನಿಂದ ಬಳಸುತ್ತ ಬಂದಿದ್ದಾರೆ.

ಆದರೂ ಹಸಿರೇ ನಾಯಕನಾದ ಸುಗಂಧ ಹುಟ್ಟಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. 1947ರಲ್ಲಿ ಪ್ಯಾರಿಸ್ಸಿನ ಬಾಲ್ಮೇನ್ ವಸ್ತ್ರಸಂಸ್ಥೆ ವಾಂ ವೆರ್ ಎಂಬ ಸುಗಂಧವನ್ನು ಹೊರತಂದಿತು. ಹೆಸರಿನ ಅರ್ಥ ಹಸಿರು ಗಾಳಿ. ರೂಪಿಸಿದವರು ಝೆರ್ಮೇನ್ ಸೆಲಿಯೆ, ಗಂಡಸರೇ ತುಂಬಿದ್ದ ಆ ವೃತ್ತಿಯಲ್ಲಿ ಹೆಸರು ಮಾಡಿದ ರಸಾಯನಜ್ಞೆ. ಇತರರು ಹನಿಯಲ್ಲಿ ಅಳೆಯುತ್ತಿದ್ದ ಗಾಲ್ಬನಮನ್ನು ಅವರು ಧಾರಾಳವಾಗಿ ಸುರಿದರು. ಯುದ್ಧದ ಹೊಗೆ, ಕೊರತೆ, ಚಳಿಗಳಲ್ಲಿ ಬೆಂದಿದ್ದ ನಗರಕ್ಕೆ ಮುರಿದ ಕಾಂಡದ, ಮಳೆ ನಿಂತ ತೋಟದ ಆ ವಾಸನೆ ಹೊಸ ಉಸಿರಿನಂತೆ ಬಂದಿರಬೇಕು. ಅದೇ ವರ್ಷದ ಮಿಸ್ ಡಿಯೊರ್‌ನಲ್ಲೂ ಗಾಲ್ಬನಮ್‌ನ ಹಸಿರು ಇದೆ.

1970ರ ಹೊತ್ತಿಗೆ ಬಂದ ಶನೆಲ್ ನಂಬರ್ 19 ಗಾಲ್ಬನಮನ್ನು ಐರಿಸ್ ಬೇರಿನ ಪುಡಿಯಂಥ ತಂಪಿನೊಡನೆ ಕೂಡಿಸಿತು. ರೂಪಿಸಿದವರು ಆಂರಿ ರೊಬೇರ್. 19 ಎಂಬ ಸಂಖ್ಯೆ ಕೊಕೊ ಶನೆಲ್ ಹುಟ್ಟಿದ ಆಗಸ್ಟ್ 19ನ್ನು ನೆನಪಿಸುತ್ತದೆ. ಅದೇ ದಶಕದಲ್ಲಿ ಯುವ ಗಂಧಿಗ ಜಾನ್ ಕ್ಲೋದ್ ಎಲೆನಾ ಸಿಸ್ಲೆ ಸಂಸ್ಥೆಗೆ ಓ ದ ಕಾಂಪಾನ್ಯ ಎಂಬ ಸುಗಂಧ ಮಾಡಿಕೊಟ್ಟರು. ಹಳ್ಳಿಗಾಡಿನ ನೀರು ಎಂದು ಅದರ ಅರ್ಥ. ಅದರ ಕೇಂದ್ರದಲ್ಲಿರುವುದು ಟೊಮೆಟೊ ಎಲೆ. ಹಿತ್ತಲಿನ ಟೊಮೆಟೊ ಗಿಡಕ್ಕೆ ಕೋಲು ಕಟ್ಟಿ ಬಂದಮೇಲೆ ಕೈಯಲ್ಲಿ ಉಳಿಯುವ ವಾಸನೆ ನಮಗೆಲ್ಲ ಗೊತ್ತು. ಅದನ್ನು ತೊಳೆದುಕೊಳ್ಳುವ ಬದಲು ಮೈಗೆ ಹಚ್ಚಿಕೊಳ್ಳಬಹುದೆಂದು ಒಬ್ಬರಿಗೆ ತೋಚಿತಲ್ಲ, ಅದು ದೊಡ್ಡ ಮಾತು.

ಗಂಡು-ಹೆಣ್ಣೆಂಬ ಗೆರೆ ಅಳಿದದ್ದು

ಹೂವು ಹೆಂಗಸರಿಗೆ, ಕಟ್ಟಿಗೆ-ತೊಗಲು-ತಂಬಾಕಿನ ವಾಸನೆ ಗಂಡಸರಿಗೆ ಎಂಬ ವಿಂಗಡಣೆ ಮೂಗು ಮಾಡಿದ್ದಲ್ಲ, ಮಾರುಕಟ್ಟೆ ಮಾಡಿದ್ದು. ಮನುಷ್ಯನ ಮೂಗಿನಲ್ಲಿ ಸುಮಾರು 400 ಬಗೆಯ ವಾಸನಾ ಗ್ರಾಹಕಗಳು ಕೆಲಸ ಮಾಡುತ್ತವೆ. ಇವುಗಳ ಜೀನ್ ಕುಟುಂಬವನ್ನು 1991ರಲ್ಲಿ ಪತ್ತೆಹಚ್ಚಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಗುಲಾಬಿ ಹೆಣ್ಣಿಗೆ, ಲಾವಂಚ ಗಂಡಿಗೆ ಎಂದು ಈ ಗ್ರಾಹಕಗಳು ಭೇದ ಮಾಡುವುದಿಲ್ಲ.

ಹಸಿರು ಪರಿಮಳ ಈ ಗೆರೆಯ ಮೇಲೆಯೇ ನಿಂತಿತ್ತು. 1966ರ ಡಿಯೊರ್ ಸಂಸ್ಥೆಯ ಓ ಸೊವಾಜ್ ಗಂಡಸರ ಕಪಾಟಿಗೆಂದು ಬಂದದ್ದು. ಎಡ್ಮೊಂಡ್ ರೂಡ್ನಿಟ್ಸ್ಕಾ ಅದರಲ್ಲಿ ನಿಂಬೆ, ರೋಸ್‌ಮೇರಿ, ಬೇಸಿಲ್‌ಗಳ ಜೊತೆಗೆ ಹೆಡಿಯೋನ್ ಎಂಬ ಅಣುವನ್ನು ಬಳಸಿದರು. ಮಲ್ಲಿಗೆಯ ಬಳಗದ ಈ ಅಣುವಿನಲ್ಲಿ ಹೂವಿನ ಭಾರವಿಲ್ಲ, ಹೂವಿನ ಸುತ್ತಲ ಗಾಳಿಯಷ್ಟೇ ಇದೆ. ಹೆಂಗಸರೂ ಅದನ್ನು ಸಂತೋಷದಿಂದ ಹಚ್ಚಿಕೊಂಡರು.

1990ರ ದಶಕದ ಮೊದಲ ವರ್ಷಗಳಲ್ಲಿ ಬುಲ್ಗರಿ ಆಭರಣ ಸಂಸ್ಥೆಗಾಗಿ ಎಲೆನಾ ಹಸಿರು ಚಹಾದ ಸುಗಂಧವೊಂದನ್ನು ಮಾಡಿದರು. ಇದು ಗಂಡಿಗೋ ಹೆಣ್ಣಿಗೋ ಎಂಬ ಹಣೆಪಟ್ಟಿ ಅದಕ್ಕಿರಲಿಲ್ಲ. 1994ರಲ್ಲಿ ಆಲ್ಬರ್ಟೊ ಮೊರಿಯಾಸ್ ಮತ್ತು ಹ್ಯಾರಿ ಫ್ರೆಮಾಂಟ್ ರೂಪಿಸಿದ ಕ್ಯಾಲ್ವಿನ್ ಕ್ಲೈನ್‌ನ ಸಿಕೆ ಒನ್ ಯುನಿಸೆಕ್ಸ್ ಎಂಬ ಮಾತನ್ನು ಲೋಕದ ಬೀದಿಬೀದಿಗೆ ತಲುಪಿಸಿತು. ಔಷಧದ ಸೀಸೆಯಷ್ಟು ಸಾದಾ ಬಾಟಲಿ, ಹುಡುಗ ಹುಡುಗಿಯರು ಒಟ್ಟಿಗೆ ನಿಂತ ಕಪ್ಪು-ಬಿಳುಪು ಜಾಹೀರಾತು, ಒಳಗೆ ನಿಂಬೆ ಮತ್ತು ಹಸಿರು ಚಹಾದ ತೆಳು ಘಮ. ಅದೇ ವರ್ಷ ಒಲಿವಿಯಾ ಜಾಕೊಬೆಟ್ಟಿ ಅಂಜೂರದ ಮರವನ್ನೇ ಸುಗಂಧವಾಗಿಸಿದರು. 1996ರಲ್ಲಿ ಅವರೇ ಡಿಪ್ಟೀಕ್ ಸಂಸ್ಥೆಗೆ ಮಾಡಿದ ಫಿಲೊಸಿಕೋಸ್‌ನಲ್ಲಿ ಎಲೆಯ ಒಗರು, ಹಾಲಿನ ಜಿಗುಟು, ತೊಗಟೆಯ ಒಣತನ ಮೂರೂ ಇವೆ. ಅಂಜೂರ ನಮ್ಮ ಅತ್ತಿ, ಆಲ, ಅರಳಿಗಳ ಕುಲದ ಮರ. ಅತ್ತಿಯ ಎಲೆ ಮುರಿದು ಹಾಲು ಬೆರಳಿಗೆ ಹತ್ತಿಸಿಕೊಂಡವರಿಗೆ ಆ ಸೀಸೆ ಪರಕೀಯವೆನಿಸದು.

ಮುಂದೆ ಎರ್ಮೆಸ್ ಸಂಸ್ಥೆಗಾಗಿ ಎಲೆನಾ ತೋಟಗಳ ಸರಣಿಯೊಂದನ್ನು ಬರೆದರು ಎಂದೇ ಹೇಳಬೇಕು. 2005ರದ್ದು ನೈಲ್ ನದಿಯ ತೀರದ ಮಾವಿನಕಾಯಿಯ ಹಸಿರು. 2008ರದ್ದು ಮುಂಗಾರು ಮುಗಿದ ಕೇರಳದ ತೋಟ. ಎರಡನ್ನೂ ಗಂಡು-ಹೆಣ್ಣೆನ್ನದೆ ಎಲ್ಲರಿಗೆಂದು ಮಾಡಿದ್ದು.

ನಮ್ಮ ನೆಲದ ಹಸಿರು

ಭಾರತದ ಅತ್ತರಿಗೆ ಈ ಗೆರೆ ಎಂದೂ ಇರಲಿಲ್ಲ. ಮದುವೆ ಮನೆಯ ಬಾಗಿಲಲ್ಲಿ ಪನ್ನೀರು ಎರಚುವವರು ಬಂದವರು ಗಂಡೋ ಹೆಣ್ಣೋ ಎಂದು ನೋಡಿ ದಾನಿ ಬದಲಿಸುವುದಿಲ್ಲ. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿ ಎಂಬ ಅಧ್ಯಾಯವೇ ಇದೆ. 16 ಸಾಮಗ್ರಿಗಳಲ್ಲಿ ನಾಲ್ಕು ನಾಲ್ಕನ್ನು ಆರಿಸಿ ಬೆರೆಸಿದರೆ 1820 ಬಗೆ ಆಗುತ್ತದೆಂಬ ಲೆಕ್ಕವೂ ಅಲ್ಲಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನು 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಲೇಪನ, ಧೂಪಗಳ ವಿವರಗಳಿವೆ. ಇಂದಿನ ಬಸವಕಲ್ಯಾಣದಿಂದ ಆಳಿದ ರಾಜನಿಗೆ ಪರಿಮಳವೂ ತಿಳಿಯಬೇಕಾದ ವಿದ್ಯೆಯಾಗಿತ್ತು.

ಹಸಿರು ಸುಗಂಧಕ್ಕೆ ಕರ್ನಾಟಕದ ನೇರ ಕೊಡುಗೆ ದವನ. ಬೆಂಗಳೂರಿನ ಸುತ್ತಮುತ್ತ ಚಳಿಗಾಲದ ಬೆಳೆಯಾಗಿ ಇದನ್ನು ಬೆಳೆದು, ಬಟ್ಟಿ ಇಳಿಸಿ, ಎಣ್ಣೆಯನ್ನು ಹೊರದೇಶಗಳಿಗೆ ಕಳಿಸುತ್ತಾರೆ. ಮೂಲಿಕೆಯ ಕಹಿ ಮತ್ತು ಒಣಹಣ್ಣಿನ ಸಿಹಿ ಒಟ್ಟಿಗೆ ಇರುವ ಅಪರೂಪದ ಎಣ್ಣೆ ಅದು. ಹಚ್ಚಿಕೊಂಡವರ ಮೈಗೆ ತಕ್ಕಂತೆ ಬೇರೆ ಬೇರೆಯಾಗಿ ಅರಳುತ್ತದೆ ಎಂಬ ಮಾತು ಗಂಧಿಗರಲ್ಲಿದೆ. ಚೈತ್ರದ ಹುಣ್ಣಿಮೆಗೆ ದವನದ ಹುಣ್ಣಿಮೆ ಎಂದೇ ಹೆಸರು, ಆಗ ದೇವರಿಗೆ ದವನ ಏರಿಸುತ್ತಾರೆ. ಹೂವಾಡಗಿತ್ತಿಯರು ಮಲ್ಲಿಗೆ, ಕನಕಾಂಬರಗಳ ನಡುವೆ ದವನ, ಮರುಗ, ಪಚ್ಚೆತೆನೆಗಳನ್ನು ಸೇರಿಸಿ ಕಟ್ಟುವುದನ್ನು ನೋಡಿ. ಹೂವಿನ ಸಿಹಿ ಮುಖಕ್ಕೆ ಹೊಡೆಯದಂತೆ ಎಲೆ ತಡೆಯುತ್ತದೆ. ಪ್ಯಾರಿಸ್ಸಿನ ಗಂಧಿಗರು ಅಳತೆಗೋಲು ಹಿಡಿದು ಮಾಡುವ ಸಮತೋಲವನ್ನು ನಮ್ಮ ಮಾರುಕಟ್ಟೆಯ ಬೆರಳುಗಳು ಬಾಳೆನಾರಿನಲ್ಲಿ ಮಾಡುತ್ತವೆ.

ಪಚ್ಚೆತೆನೆಯೇ ಸುಗಂಧ ಲೋಕದ ಪ್ಯಾಚೌಲಿ. ಆ ಹೆಸರು ಹಸಿರೆಲೆ ಎಂಬ ಅರ್ಥದ ತಮಿಳು ಮಾತಿನಿಂದ ಬಂತೆಂದು ಹೇಳುವುದುಂಟು. 19ನೇ ಶತಮಾನದಲ್ಲಿ ಕಾಶ್ಮೀರದ ಶಾಲುಗಳಿಗೆ ನುಸಿ ಹಿಡಿಯದಂತೆ ಇದರ ಒಣ ಎಲೆಯನ್ನು ಮಡಿಕೆಗಳ ನಡುವೆ ಇಟ್ಟು ಕಳಿಸುತ್ತಿದ್ದರು. ಯುರೋಪಿನವರು ಎಲೆಯ ವಾಸನೆಯಿಂದಲೇ ಅಸಲಿ ಶಾಲನ್ನು ಗುರುತಿಸುವಂತಾಯಿತು.

ಇನ್ನು ಲಾವಂಚ. ಬೇಸಿಗೆಯಲ್ಲಿ ಮಣ್ಣಿನ ಹೂಜಿಗೆ ಬೇರಿನ ಸಣ್ಣ ಕಟ್ಟನ್ನು ಹಾಕಿ ನೀರಿಗೆ ತಂಪು ಕೂಡಿಸುವ ಮನೆಗಳು ಇನ್ನೂ ಇವೆ. ಉತ್ತರ ಪ್ರದೇಶದ ಕನೌಜಿನಲ್ಲಿ ಇದರ ಬೇರನ್ನು ತಾಮ್ರದ ಹಂಡೆಗಳಲ್ಲಿ ಕುದಿಸಿ ರೂಹ್ ಖಸ್ ಎಂಬ ಎಣ್ಣೆ ತೆಗೆಯುತ್ತಾರೆ. ತಾಮ್ರದ ಸಂಗದಲ್ಲಿ ಎಣ್ಣೆ ಹಸಿರು ಬಣ್ಣ ತಾಳುತ್ತದೆ. ಕಣ್ಣಿಗೂ ಮೂಗಿಗೂ ಹಸಿರೇ ಆದ ಸುಗಂಧ ಅದೊಂದೇ ಇರಬೇಕು.

ಏಕೆ ಹಿಡಿಸುತ್ತದೆ

ಹಸಿರು ಪರಿಮಳದ ಆಕರ್ಷಣೆಗೆ ಮೂರು ಕಾರಣಗಳನ್ನು ಹೇಳಬಹುದು. ಒಂದು, ಅದು ನೆನಪಿಗೆ ಹತ್ತಿರ. ವಾಸನೆಯ ಸಂದೇಶ ಮೆದುಳಿನಲ್ಲಿ ಭಾವನೆ ಮತ್ತು ನೆನಪುಗಳ ಕೇಂದ್ರಗಳಿಗೆ ಬಹಳ ಹತ್ತಿರದ ದಾರಿಯಲ್ಲಿ ತಲುಪುತ್ತದೆ. ಗುಲಾಬಿ ಅತ್ತರು ಹಬ್ಬ-ಮದುವೆಗಳನ್ನು ನೆನಪಿಸಿದರೆ ಹಸಿರು ಘಮ ಹಬ್ಬವಿಲ್ಲದ ದಿನಗಳನ್ನು ನೆನಪಿಸುತ್ತದೆ. ಗದ್ದೆಯ ಬದು, ಶಾಲೆಯ ಮೈದಾನದ ಹುಲ್ಲು, ಕರಿಬೇವು ಕೀಳಲು ಹಿತ್ತಲಿಗೆ ಓಡಿದ ಸಂಜೆ.

ಎರಡು, ಅದು ಒತ್ತಾಯ ಮಾಡುವುದಿಲ್ಲ. ಸಿಹಿ ಸುಗಂಧ ಕೋಣೆಯನ್ನು ತುಂಬುತ್ತದೆ, ಹಸಿರು ಸುಗಂಧ ಹಚ್ಚಿಕೊಂಡವರ ಹತ್ತಿರವೇ ಸುಳಿಯುತ್ತದೆ. ಬಸ್ಸಿನಲ್ಲಿ, ಕಚೇರಿಯಲ್ಲಿ, ಸೆಖೆಯ ಮಧ್ಯಾಹ್ನದಲ್ಲಿ ಪಕ್ಕದವರಿಗೆ ಅದು ಹೊರೆಯಾಗುವುದು ಕಡಿಮೆ.

ಮೂರನೆಯದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಹೂವು ಬಲಿತ ಗಿಡದ ಮಾತು, ಇನ್ನೊಬ್ಬರನ್ನು ಕರೆಯುವ ಮಾತು. ಎಲೆ ಅದಕ್ಕಿಂತ ಹಿಂದಿನದು. ಮೊಳಕೆಯೊಡೆದ ಬೀಜ ಮೊದಲು ತೋರುವುದು ಎಲೆಯನ್ನೇ, ಗಂಡು ಹೂ ಹೆಣ್ಣು ಹೂ ಎಂಬ ಭೇದ ಆಮೇಲಿನದು. ಹಸಿರು ಸುಗಂಧವನ್ನು ಹಚ್ಚಿಕೊಳ್ಳುವವರು ಯಾರನ್ನೂ ಸೆಳೆಯಲು ಹೊರಟವರಲ್ಲ, ತಮ್ಮೊಳಗಿನ ಹಸಿತನವನ್ನು ಮುಟ್ಟಿ ನೋಡಿಕೊಳ್ಳುವವರು. ಹಾಗಾಗಿಯೇ ಅದು ಇಬ್ಬರಿಗೂ ಸಲ್ಲುತ್ತದೆ.

ಆರಿಸುವುದು, ಹಚ್ಚುವುದು, ಕಾಪಾಡುವುದು

ಎಲೆಯ ಅಣುಗಳು ಹಗುರ, ಬೇಗ ಹಾರಿಹೋಗುತ್ತವೆ. ಸೀಸೆ ತೆರೆದ ಮೊದಲ ಹತ್ತು ನಿಮಿಷ ಕಾಣುವ ಹಸಿರು ಅರ್ಧ ಗಂಟೆಯ ಮೇಲೆ ಹಾಗೇ ಇರುವುದಿಲ್ಲ. ಕೊಳ್ಳುವಾಗ ಕಾಗದದ ಪಟ್ಟಿಯ ಮೇಲೆ ಮೂಸಿ ತೀರ್ಮಾನಿಸಬೇಡಿ. ಮಣಿಕಟ್ಟಿಗೆ ಹಾಕಿಕೊಂಡು ಹೊರಗೆ ಒಂದು ಸುತ್ತು ನಡೆದು ಬನ್ನಿ. ಪಾಚಿ, ಲಾವಂಚ, ಮರದ ತಳಘಮ ಹೇಗಿದೆ ಎಂಬುದು ಆಗಲೇ ತಿಳಿಯುವುದು. ಒಂದು ಸಲಕ್ಕೆ ಎರಡು ಮೂರಕ್ಕಿಂತ ಹೆಚ್ಚು ಮೂಸಿದರೆ ಮೂಗು ದಣಿಯುತ್ತದೆ.

ಸೀಸೆಯ ಮೇಲಿನ ಹೆಸರು ಎಣ್ಣೆಯ ಪ್ರಮಾಣವನ್ನು ಸೂಚಿಸುತ್ತದೆ. ಕಲೋನ್‌ನಲ್ಲಿ ಸಾಮಾನ್ಯವಾಗಿ ಶೇಕಡಾ 2ರಿಂದ 5, ಓ ದ ತ್ವಾಲೆಟ್‌ನಲ್ಲಿ ಶೇಕಡಾ 5ರಿಂದ 15, ಓ ದ ಪರ್ಫ್ಯೂಮ್‌ನಲ್ಲಿ ಶೇಕಡಾ 15ರಿಂದ 20ರಷ್ಟು ಪರಿಮಳ ಸಾಮಗ್ರಿ ಇರುತ್ತದೆ. ಹಸಿರು ಸುಗಂಧಕ್ಕೆ ತೆಳು ರೂಪವೇ ಒಪ್ಪುತ್ತದೆ, ಬೇಕೆಂದಾಗ ಮಧ್ಯಾಹ್ನ ಇನ್ನೊಮ್ಮೆ ಹಾಕಿಕೊಳ್ಳಬಹುದು. ಬೆವರು ಒರೆಸಿ, ತೊಳೆದ ಮೈಗೆ ಹಚ್ಚಿದರೆ ಘಮ ಶುದ್ಧವಾಗಿ ಏಳುತ್ತದೆ. ಹತ್ತಿ ಬಟ್ಟೆಯ ಮಡಿಕೆಯಲ್ಲಿ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ಕಲೆಯಾಗುವುದೇ ಎಂದು ಮೂಲೆಯಲ್ಲಿ ಒಮ್ಮೆ ಪರೀಕ್ಷಿಸಿಕೊಳ್ಳಿ.

ಗಿಡಮೂಲಿಕೆಯದು ಎಂದ ಮಾತ್ರಕ್ಕೆ ಎಲ್ಲರ ಚರ್ಮಕ್ಕೂ ಒಗ್ಗುತ್ತದೆಂದು ನಂಬಬಾರದು. ಓಕ್‌ಮಾಸ್‌ನಲ್ಲಿರುವ ಅಟ್ರನಾಲ್ ಮತ್ತು ಕ್ಲೋರೊಅಟ್ರನಾಲ್ ಎಂಬ ಅಂಶಗಳು ಅಲರ್ಜಿ ಉಂಟುಮಾಡುವುದರಿಂದ ಯುರೋಪಿಯನ್ ಒಕ್ಕೂಟ 2017ರಲ್ಲಿ ಅವುಗಳಿಗೆ ನಿಷೇಧ ಹಾಕಿತು. ಈಗ ಆ ಅಂಶಗಳನ್ನು ತೆಗೆದ ಸಾರ ಬಳಕೆಯಲ್ಲಿದೆ. ಹಳೆಯ ಸುಗಂಧಗಳ ಇಂದಿನ ರೂಪ ತುಸು ಬೇರೆಯಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಶುದ್ಧೀಕರಿಸದ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಬಹುದು. ಹೊಸ ಸುಗಂಧವನ್ನು ಮೊಳಕೈಯ ಒಳಬದಿಗೆ ಒಂದು ಹನಿ ಹಚ್ಚಿ ಒಂದು ದಿನ ಕಾದು ನೋಡುವುದು ಒಳ್ಳೆಯದು. ಸೆಂಟಿನಲ್ಲಿ ಮದ್ಯಸಾರವಿರುವುದರಿಂದ ದೀಪ, ಒಲೆಗಳ ಹತ್ತಿರ ಸಿಂಪಡಿಸಬಾರದು. ಬಿಸಿಲು ಬೀಳುವ ಕಿಟಕಿಯಲ್ಲಿ, ಬಿಸಿನೀರಿನ ಬಚ್ಚಲಲ್ಲಿ ಸೀಸೆ ಇಟ್ಟರೆ ಮೊದಲು ಸಾಯುವುದು ಹಸಿರು. ಕಪಾಟಿನ ಕತ್ತಲೆ ಅದಕ್ಕೆ ಹಿತ.

ಮೂಗಿಗೊಂದು ಪಾಠ

ಹಸಿರು ಸುಗಂಧವನ್ನು ಅರಿಯಲು ದುಬಾರಿ ಸೀಸೆ ಬೇಕಿಲ್ಲ. ಹಿತ್ತಲಿನಿಂದಲೋ ಬಾಲ್ಕನಿಯ ಕುಂಡದಿಂದಲೋ ಮೂರು ಎಲೆ ತನ್ನಿ: ಒಂದು ದೊಡ್ಡಪತ್ರೆ, ಒಂದು ನಿಂಬೆ ಎಲೆ, ಒಂದು ಗರಿಕೆ. ಒಂದೊಂದನ್ನೇ ಬೆರಳ ನಡುವೆ ಹೊಸಕಿ ಮೂಸಿ. ದೊಡ್ಡಪತ್ರೆ ತಾನು ಕೂಡಿಟ್ಟ ಗಂಟನ್ನು ಒಮ್ಮೆಲೇ ಬಿಚ್ಚುತ್ತದೆ. ನಿಂಬೆ ಎಲೆ ಹಣ್ಣಿಗಿಂತ ಒಣದಾಗಿ, ಹಣ್ಣಿಗಿಂತ ಆಳವಾಗಿ ಮಾತಾಡುತ್ತದೆ. ಗರಿಕೆ ಗಾಯವಾದ ಮೇಲಷ್ಟೇ ಬಾಯಿ ಬಿಡುತ್ತದೆ. ಐದು ನಿಮಿಷದ ಮೇಲೆ ಅದೇ ಬೆರಳನ್ನು ಮತ್ತೆ ಮೂಸಿ. ದೊಡ್ಡಪತ್ರೆ ಇನ್ನೂ ಇರುತ್ತದೆ, ನಿಂಬೆ ಎಲೆ ತೆಳುವಾಗಿರುತ್ತದೆ, ಗರಿಕೆ ಹೋಗಿಬಿಟ್ಟಿರುತ್ತದೆ. ಝೆರ್ಮೇನ್ ಸೆಲಿಯೆ ಗಾಲ್ಬನಮನ್ನು ಅಷ್ಟು ಧಾರಾಳವಾಗಿ ಸುರಿದದ್ದು ಆ ಹೋಗಿಬಿಟ್ಟದ್ದನ್ನು ಇನ್ನಷ್ಟು ಹೊತ್ತು ನಿಲ್ಲಿಸಿಕೊಳ್ಳುವುದಕ್ಕೇ ಇರಬೇಕು.